ನೀರಿನ ರಸಾಯನ ಸ್ವರೂಪವೂ ಬಾವಿ ನೀರಿನ ಪರೀಕ್ಷೆಯೂ

ನೀರಿಲ್ಲದೆ ಬೇಸಾಯವಿಲ್ಲವೆಂಬುದನ್ನು ಯಾರಿಗೂ ಬೋಧಿಸಬೇಕಾಗಿಲ್ಲ. ಆದರೆ ನೀರಿನಿಂದಲೇ ಭೂಮಿಯು ಕೆಡುವುದೂ ಉಂಟೆಂಬ ವಿಷಯವು ಎಲ್ಲರ ಗಮನಕ್ಕೂ ಬಂದಿರುವುದಿಲ್ಲ. ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಲ್ಲಿ ಕಾವೇರಿ ಸುವರ್ಣಾವತಿಗಳ ನೀರಲ್ಲದೆ ಕೆರೆ, ಬಾವಿ, ಕೊಳವೆ ಬಾವಿಗಳ ನೀರೂ ಬಳಕೆಯಲ್ಲಿರುವುದರಿಂದ, ಅದರ ಗುಣದೋಷಗಳನ್ನು ಗ್ರಾಮದ ಯಜಮಾನರೂ ಭೂಮಾಲೀಕರೂ ಅರಿತಿರುವುದು ಅವಶ್ಯಕವು.

ಪೂರ್ವಿಕರು ನೀರನ್ನು ಪಂಚಭೂತಗಳಲ್ಲಿ ಒಂದೆಂದು ಎಣಿಸಿದರು. 1783ರಲ್ಲಿ ಫ್ರಾನ್ಸ್ ದೇಶದ ಲವಾಸಿಯೆ ಎಂಬ ವಿದ್ವಾಂಸನು, ಅದು ಜಲಜನಕ ಆಮ್ಲಜನಕಗಳೆಂಬ ಎರಡು ಅನಿಲಗಳ ಸಂಯೋಗದಿಂದಾದುದೆಂದು ತೋರಿಸಿದನು. ತೂಕದಲ್ಲಿ 9 ಭಾಗ ನೀರಿಗೆ ಜಲಜನಕವು 1 ಭಾಗ, ಆಮ್ಲಜನಕವು 8 ಭಾಗ. ನೀರಿನ ಅಣುವಿನಲ್ಲಿ ಎರಡು ಜಲಜನಕ ಪರಮಾಣುಗಳು ಆಮ್ಲಜನಕದ ಎರಡು ಕಡೆಗಳಲ್ಲಿ ನೇರವಾಗಿ ನಿಲ್ಲದೆ, ಬಾಗಿದ ನೊಗದಂತೆ ಒಂದೇ ಮಗ್ಗುಲಿಗೆ ವಾಲಿರುವುವು. ಆದಕಾರಣ ಅಣುವಿನ ಒಂದು ಕಡೆ ಧನ ವಿದ್ಯುತ್ತೂ ಮತ್ತೊಂದು ಕಡೆ ಋಣ ವಿದ್ಯುತ್ತೂ ಅಲ್ಪವಾಗಿ ತೋರುವುವು.

ಈ ರಚನೆಯಿಂದಲೇ ನೀರಿನ ಮುಖ್ಯ ಗುಣಗಳು ಹುಟ್ಟುವುವು. ಅಣುಗಳು ಒಂದನ್ನೊಂದು ಹಿಡಿದುಕೊಳ್ಳುವುದರಿಂದ, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ತೇವವು ಮಣ್ಣಿನ ಸಣ್ಣ ಸಂದುಗಳಲ್ಲಿ ಮೇಲಕ್ಕೇರುವುದು. ಲವಣಗಳ ಕಣಗಳನ್ನು ಬೇರ್ಪಡಿಸಿ ಕರಗಿಸಿಕೊಳ್ಳುವ ಶಕ್ತಿಯೂ ಇದರಿಂದಲೇ ಬಂದುದು. ಪೈರಿಗೆ ಆಹಾರವೊದಗುವುದು ಈ ಶಕ್ತಿಯಿಂದ, ಅಪಾಯವೊದಗುವುದೂ ಇದರಿಂದಲೇ.

ಲೀಟರಿಗೆ ಕೇವಲ 1 ಗ್ರಾಂ ಲವಣವಿರುವ ನೀರನ್ನು ಒಂದು ಎಕರೆಗೆ ಒಂದು ಅಂಗುಲ ಆಳ ನಿಲ್ಲಿಸಿದರೆ, ನೀರು ಸುಮಾರು 1,03,000 ಲೀಟರು. ಅದರೊಡನೆ ಭೂಮಿಗೆ ಸೇರುವ ಲವಣವು ಸುಮಾರು 103 ಕಿಲೋ. ಬಿಸಿಲಿಗೆ ನೀರು ಆವಿಯಾಗಿ ಹೋಗುವುದು, ಲವಣವು ನೆಲದಲ್ಲೇ ಉಳಿಯುವುದು. ನೀರು ಬಸಿದು ಹೋಗಲು ಮಾರ್ಗವಿಲ್ಲದ ಜಮೀನು ಹೀಗೆಯೇ ಕ್ರಮೇಣ ಚೌಳಾಗುವುದು.

ಸುಣ್ಣದ ಅಂಶ ಹೆಚ್ಚಾದ ನೀರು ಗಡುಸಾಗಿ, ಸೋಪಿನ ನೊರೆಯನ್ನು ಕೆಡಿಸಿ ಜಿಡ್ಡುಗಸಿಯನ್ನುಂಟುಮಾಡುವುದು. ಅಂಥ ನೀರಿನಲ್ಲಿ ಸೋಪು ಹಾಕಿ ರೇಷ್ಮೆಯ ಅಂಟನ್ನು ತೆಗೆದರೆ ಗಸಿಯು ನೂಲಿಗೆ ಹತ್ತಿ ಹೊಳಪು ಕುಂದುವುದೆಂಬುದನ್ನು ಕೊಳ್ಳೇಗಾಲದ ರೇಷ್ಮೆ ಕಸುಬಿನವರು ನೆನಪಿನಲ್ಲಿಡಬೇಕು. ಆದರೆ ನೊರೆ ಚೆನ್ನಾಗಿ ಬರುವ ನೀರೆಲ್ಲವೂ ಹೊಲಕ್ಕೆ ಹಿತವೆಂದು ಭಾವಿಸಕೂಡದು. ಸೋಡಿಯಂ ಕ್ಷಾರವಿರುವ ನೀರು ಬಟ್ಟೆಗೆ ಮೃದುವಾದರೂ, ಮಣ್ಣಿನೊಳಗಿನ ಸುಣ್ಣದ ಅಂಶವನ್ನು ಸ್ಥಾನಪಲ್ಲಟಗೊಳಿಸುವುದು. ಆಗ ಜೇಡಿಮಣ್ಣು ಚದುರಿ, ಒಣಗಿದ ಮೇಲೆ ಗಟ್ಟಿ ಪದರವಾಗಿ, ನೀರು ಇಂಗದೆ ಬೇರು ಉಸಿರುಗಟ್ಟುವುದು.

ಇದಕ್ಕೆ ಪರಿಹಾರವುಂಟು. ಜಿಪ್ಸಂ ಹಾಕಿದರೆ ಅದರ ಸುಣ್ಣದ ಅಂಶವು ಸೋಡಿಯಮ್ಮನ್ನು ಹೊರದೂಡುವುದು. ಬಳಿಕ ಮಳೆಯ ನೀರನ್ನೋ ಸಿಹಿನೀರನ್ನೋ ನಿಲ್ಲಿಸಿ, ಬಸಿಗಾಲುವೆಯ ಮೂಲಕ ಹೊರಗೆ ಬಿಡಬೇಕು. ಬಸಿಗಾಲುವೆಯಿಲ್ಲದೆ ಜಿಪ್ಸಂ ಹಾಕುವುದು ವ್ಯರ್ಥವು. ಅದರ ಪ್ರಮಾಣವನ್ನು ಮಣ್ಣಿನ ಪರೀಕ್ಷೆಯಿಂದಲೇ ಗೊತ್ತುಮಾಡಬೇಕು.

ಆದುದರಿಂದ ಹೊಸ ಬಾವಿಯ ನೀರನ್ನು ಹೊಲಕ್ಕೆ ಹಾಯಿಸುವ ಮೊದಲೇ ಪರೀಕ್ಷೆ ಮಾಡಿಸುವುದು ಲೇಸು. ಪಂಪನ್ನು ಸ್ವಲ್ಪ ಹೊತ್ತು ನಡೆಸಿ, ಶುಭ್ರವಾದ ಸೀಸೆಯನ್ನು ಅದೇ ನೀರಿನಿಂದ ಮೂರು ಬಾರಿ ತೊಳೆದು ತುಂಬಿ, ಬಿರಡೆ ಹಾಕಿ, ಗ್ರಾಮ, ಸರ್ವೆ ನಂಬರು, ತಾರೀಖುಗಳನ್ನು ಬರೆದು ಅಂಟಿಸಿ, ಮಣ್ಣು ಮತ್ತು ನೀರಿನ ಪರೀಕ್ಷಾಲಯಕ್ಕೆ ತಡಮಾಡದೆ ಒಪ್ಪಿಸಬೇಕು. ಯಜಮಾನರು ಮೊದಲು ತಮ್ಮ ಬಾವಿಯ ನೀರನ್ನು ಪರೀಕ್ಷಿಸಿ ತೋರಿಸಿದರೆ ಸಣ್ಣ ಹಿಡುವಳಿದಾರರೂ ಅದನ್ನು ಅನುಸರಿಸುವರು. ಕೆಟ್ಟ ಭೂಮಿಯನ್ನು ತಿದ್ದುವುದಕ್ಕೆ ವರ್ಷಗಳು ಬೇಕು; ಕೆಡದಂತೆ ಕಾಯುವುದಕ್ಕೆ ಒಂದು ಸೀಸೆ ನೀರು ಸಾಕು.