ಮಕ್ಕಳ ಆತಂಕದ ಮಾಪನ: ಪ್ರಶ್ನಾವಳಿಗಳ ಸ್ವರೂಪ ಮತ್ತು ಮಿತಿ

ಜ್ವರವನ್ನು ಅಳೆಯಲು ಉಷ್ಣಮಾಪಕವಿದೆ; ಆತಂಕಕ್ಕೆ ಅಂತಹ ಉಪಕರಣವಿಲ್ಲ. ಬೆವರು, ನಿದ್ರಾಹೀನತೆಗಳಂತಹ ಲಕ್ಷಣಗಳು ಹೊರಗೆ ಕಂಡರೂ ಅವುಗಳ ಹಿಂದಿನ ಚಿಂತೆಯು ಬಹುಮಟ್ಟಿಗೆ ಮಗುವಿನ ಮಾತಿನಿಂದಲೇ ತಿಳಿಯಬೇಕು. ತರಗತಿಯಲ್ಲಿ ಗಲಾಟೆ ಮಾಡುವ ಮಗು ಶಿಕ್ಷಕರ ಗಮನ ಸೆಳೆಯುತ್ತದೆ. ಒಳಗೊಳಗೇ ಅಂಜುವ ಮಗು ‘ಬಲು ಸಾಧು’ ಎಂಬ ಪ್ರಶಂಸೆಗೆ ಪಾತ್ರವಾಗಿ ಗಮನದಿಂದ ತಪ್ಪಿಹೋಗುತ್ತದೆ. ಈ ಮೌನವನ್ನು ಮಾತಿಗೆ ತರುವ ಪ್ರಯತ್ನವೇ ಆತಂಕದ ಪ್ರಶ್ನಾವಳಿ.

ವಯಸ್ಕರಿಗಾಗಿ ಜಾನೆಟ್ ಟೇಲರ್ ರೂಪಿಸಿದ ಮಾಪನಿಯನ್ನು 1956ರಲ್ಲಿ ಕಾಸ್ಟನೇಡ, ಮೆಕ್‌ಕ್ಯಾಂಡ್‌ಲೆಸ್ ಮತ್ತು ಪಲೆರ್ಮೊ ಅವರು ಮಕ್ಕಳಿಗೆ ಅಳವಡಿಸಿದರು. ರೆನಾಲ್ಡ್ಸ್ ಮತ್ತು ರಿಚ್‌ಮಂಡ್ ಅವರು 1978ರಲ್ಲಿ ಪರಿಷ್ಕರಿಸಿದ ಆವೃತ್ತಿಯಲ್ಲಿ ‘ಹೌದು–ಇಲ್ಲ’ ಮಾದರಿಯ 37 ಹೇಳಿಕೆಗಳಿದ್ದವು. ಅವುಗಳಲ್ಲಿ 28 ಆತಂಕಕ್ಕೆ ಸಂಬಂಧಿಸಿದವು. ಉಳಿದ 9, ಮಗು ತನ್ನನ್ನು ಅತಿಯಾಗಿ ಒಳ್ಳೆಯದೆಂದು ತೋರಿಸಿಕೊಳ್ಳುತ್ತಿದೆಯೇ ಎಂಬುದನ್ನು ಪರೀಕ್ಷಿಸುವಂತಹವು. 1973ರಲ್ಲಿ ಸ್ಪೀಲ್‌ಬರ್ಗರ್ ಅವರು ಕ್ಷಣಿಕ ಸ್ಥಿತಿಯಾದ ಆತಂಕವನ್ನೂ ಸ್ವಭಾವಗತ ಆತಂಕವನ್ನೂ 20–20 ಹೇಳಿಕೆಗಳಲ್ಲಿ ಪ್ರತ್ಯೇಕಿಸಿದರು. ಪರೀಕ್ಷೆಯ ದಿನದ ಭಯವನ್ನು ರೋಗವೆಂದು ಬಗೆಯದಿರಲು ಈ ಭೇದ ಅವಶ್ಯಕ.

1990ರ ದಶಕದಲ್ಲಿ ಆತಂಕದ ಬಗೆಗಳನ್ನು ಬೇರ್ಪಡಿಸುವ ಮಾಪನಿಗಳು ಬಂದವು. ಅಮೆರಿಕದ ಬಿರ್ಮಾಹೆರ್ ಮತ್ತು ಸಂಗಡಿಗರ ‘ಸ್ಕೇರ್ಡ್’ (1997) ಪರಿಷ್ಕೃತ ರೂಪದಲ್ಲಿ 41 ಹೇಳಿಕೆಗಳನ್ನು ಹೊಂದಿದ್ದು, ಮಗುವಿಗೊಂದು, ಪೋಷಕರಿಗೊಂದು ಪ್ರತಿ ಇದೆ. ಗರಿಷ್ಠ 82 ಅಂಕಗಳಲ್ಲಿ 25 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮುಂದಿನ ಪರೀಕ್ಷೆ ಸೂಕ್ತವೆಂದು ಭಾವಿಸಲಾಗುತ್ತದೆ. ಆಸ್ಟ್ರೇಲಿಯದ ಸೂಸನ್ ಸ್ಪೆನ್ಸ್ ಅವರ ಮಾಪನಿಯ (1998) 44 ಹೇಳಿಕೆಗಳಲ್ಲಿ 38ಕ್ಕೆ ಮಾತ್ರ ಅಂಕಗಳಿವೆ. ಮಗು ಕೇವಲ ನಕಾರಾತ್ಮಕ ಉತ್ತರಗಳತ್ತ ವಾಲದಿರಲೆಂದು ಉಳಿದ 6 ಹೇಳಿಕೆಗಳನ್ನು ಸಕಾರಾತ್ಮಕವಾಗಿ ಇರಿಸಲಾಗಿದೆ.

ಮಗುವಿನ ಉತ್ತರಕ್ಕೂ ಪೋಷಕರ ಉತ್ತರಕ್ಕೂ ಅನೇಕ ವೇಳೆ ಹೊಂದಾಣಿಕೆ ಇರುವುದಿಲ್ಲ. ಇದನ್ನು ಮಾಪನಿಯ ದೋಷವೆಂದು ತಳ್ಳಿಹಾಕುವಂತಿಲ್ಲ. ಶಾಲೆಗೆ ಹೋಗಲು ಹಟ ಮಾಡುವುದು ಪೋಷಕರಿಗೆ ಕಾಣುತ್ತದೆ. ರಾತ್ರಿ ಮುಸುಕಿನೊಳಗಿನ ಚಿಂತೆ ಮಗುವಿಗೆ ಮಾತ್ರ ಗೊತ್ತು. ಆದ್ದರಿಂದ ಎರಡನ್ನೂ ಕೂಡಿಸಿ ಓದಬೇಕಾಗುತ್ತದೆ.

ಅಂಕವನ್ನೇ ರೋಗನಿರ್ಣಯವೆಂದು ಎಣಿಸುವುದು ಇಲ್ಲಿಯ ದೊಡ್ಡ ಅಪಾಯ. ಉದಾಹರಣೆಗೆ, 1000 ಮಕ್ಕಳಲ್ಲಿ 50 ಮಂದಿಗೆ ಆತಂಕದ ಅಸ್ವಸ್ಥತೆ ಇದೆಯೆಂದೂ, ಮಾಪನಿಯು ಅಸ್ವಸ್ಥರಲ್ಲಿ ಶೇ. 80ರಷ್ಟು, ಸ್ವಸ್ಥರಲ್ಲಿಯೂ ಶೇ. 80ರಷ್ಟು ಮಂದಿಯನ್ನು ಸರಿಯಾಗಿ ಗುರುತಿಸುತ್ತದೆಯೆಂದೂ ಊಹಿಸೋಣ. ಆಗ 40 ಅಸ್ವಸ್ಥರೊಡನೆ 190 ಸ್ವಸ್ಥ ಮಕ್ಕಳೂ ಪಟ್ಟಿಗೆ ಸೇರುತ್ತಾರೆ; 10 ಅಸ್ವಸ್ಥರು ಬಿಟ್ಟುಹೋಗುತ್ತಾರೆ. ಪಟ್ಟಿಯಲ್ಲಿರುವ ಸುಮಾರು ಆರು ಮಕ್ಕಳಲ್ಲಿ ಒಂದು ಮಗುವಿಗೆ ಮಾತ್ರ ತೊಂದರೆ ಇರುತ್ತದೆ. ಆದಕಾರಣ ತಜ್ಞರ ಸಂದರ್ಶನವಿಲ್ಲದೆ ಯಾವ ಮಗುವಿಗೂ ಹಣೆಪಟ್ಟಿ ಹಚ್ಚುವುದು ಸಲ್ಲದು.

ಇಂತಹ ಮಾಪನಿಗಳನ್ನು ಕನ್ನಡಕ್ಕೆ ತರುವಾಗ ಇನ್ನೊಂದು ತೊಡಕು ಎದುರಾಗುತ್ತದೆ. ‘ಆತಂಕ’ ಗ್ರಾಂಥಿಕ ಪದ. ಎಂಟು ವರ್ಷದ ಮಗುವಿಗೆ ‘ಗಾಬರಿ’, ‘ಹೆದರಿಕೆ’, ‘ಎದೆ ಡವಡವ’ ಎಂಬ ಮಾತುಗಳೇ ಹತ್ತಿರ. ಆದರೆ ಹೆದರಿಕೆಗೆ ಕಣ್ಣೆದುರಿನ ಕಾರಣವಿರುತ್ತದೆ. ಚಿಂತೆ ಮುಂದೆ ಬರಲಿರುವುದನ್ನು ಕುರಿತದ್ದು. ಒಂದರ ಬದಲು ಇನ್ನೊಂದನ್ನು ಬಳಸಿದರೆ ಅಳೆಯುವ ವಸ್ತುವೇ ಬದಲಾಗುತ್ತದೆ. ಮರು ಅನುವಾದದಿಂದ ಅರ್ಥವನ್ನು ಹೋಲಿಸಬಹುದು. ಆದರೂ ವಿಶ್ವಸನೀಯತೆ, ಸಿಂಧುತ್ವ ಮತ್ತು ನಿರ್ಣಾಯಕ ಅಂಕವನ್ನು ಇಲ್ಲಿಯ ಮಕ್ಕಳಲ್ಲಿಯೇ ಮತ್ತೆ ಪರೀಕ್ಷಿಸಬೇಕು. ಪಿಟ್ಸ್‌ಬರ್ಗಿನ ಮಕ್ಕಳಿಗೆ ಹೊಂದಿದ 25 ಎಂಬ ಅಂಕ ಕಲಬುರಗಿಯ ಮಗುವಿಗೂ ಅದೇ ಅರ್ಥವನ್ನು ಕೊಡುತ್ತದೆಂದು ಪುರಾವೆಯಿಲ್ಲದೆ ಗ್ರಹಿಸಲಾಗದು.

ಪ್ರಶ್ನಾವಳಿಯು ಮಗುವಿನೊಡನೆ ನಡೆಯಬೇಕಾದ ಮಾತುಕತೆಯ ಆರಂಭ ಮಾತ್ರ. ಆ ಮಾತುಕತೆಯನ್ನು ಮುಂದುವರಿಸಬಲ್ಲ ಆಪ್ತಸಲಹೆಗಾರರು ಹಾಗೂ ಚಿಕಿತ್ಸೆಯ ಏರ್ಪಾಡು ಇದ್ದಾಗಲೇ ಮಾಪನಕ್ಕೆ ಸಾರ್ಥಕತೆ ದೊರೆಯುತ್ತದೆ.