ರೇಡಿಯೇಟರಿಗೆ ಹೊಯ್ಯುವ ಮುನ್ನ: ಕೂಲೆಂಟಿನ ಆಯ್ಕೆ



“ಗಾಡಿಯಲ್ಲಿದ್ದ ಕೂಲೆಂಟ್ ಹಸಿರು. ಅಂಗಡಿಯಲ್ಲಿ ಕೆಂಪು ಮಾತ್ರ ಇತ್ತು. ಹಾಕ್ಲಕ್ಕಾ?” ಸಂಘದ ಕಚೇರಿಗೆ ಬರುವ ಸದಸ್ಯರು ಈಚೆಗೆ ಮೇಲಿಂದ ಮೇಲೆ ಕೇಳುವ ಪ್ರಶ್ನೆಯಿದು. ಒಬ್ಬೊಬ್ಬರಿಗೆ ಬಾಯಿಮಾತಿನಲ್ಲಿ ಹೇಳುವುದಕ್ಕಿಂತ ಎಲ್ಲರಿಗೂ ಉಪಯೋಗವಾಗುವಂತೆ ಇಲ್ಲಿ ಬರೆಯುವುದು ಲೇಸೆಂದು ತೋರಿತು.

ಈ ಪ್ರಶ್ನೆಯ ಉತ್ತರವನ್ನು ನಾನು ದಂಡ ತೆತ್ತು ಕಲಿತವನು. ಕೆಲವು ವರ್ಷಗಳ ಹಿಂದೆ ನನ್ನ ಜೀಪಿನಲ್ಲಿ ಕೂಲೆಂಟಿನ ಮಟ್ಟ ಇಳಿದಿತ್ತು. ಕೈಗೆ ಸಿಕ್ಕಿದ ಕ್ಯಾನಿನಿಂದ ಒಂದು ಲೀಟರು ಬೇರೆ ಜಾತಿಯದನ್ನು ಹೊಯ್ದೆ. ಎರಡು ತಿಂಗಳು ಏನೂ ತೋರಲಿಲ್ಲ. ಮೂಟೆ ಹೇರಿಕೊಂಡು ಹೊಸಂಗಡಿ ದಾಟಿ ಬಾಳೆಬರೆ ಘಾಟಿ ಹತ್ತುವಾಗ ಉಷ್ಣತೆಯ ಮುಳ್ಳು ಕೆಂಪು ಗೆರೆ ಮುಟ್ಟಿತು. ಇನ್ನೊಂದು ತಿರುವು ದಾಟಿ ನಿಲ್ಲಿಸೋಣ ಎಂದುಕೊಂಡೆ, ಅದೇ ತಪ್ಪಾಯಿತು. ಇಂಜಿನು ಬಿಚ್ಚಿದಾಗ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕಂದು ಬಣ್ಣದ ಲೋಳೆ ಕಟ್ಟಿತ್ತು, ಹೆಡ್ ಗ್ಯಾಸ್ಕೆಟ್ ಸುಟ್ಟಿತ್ತು. ರಿಪೇರಿಗೆ ತಗಲಿದ ಹಣ ತೋಟದ ಒಂದು ವರ್ಷದ ಮೈಲುತುತ್ತಿನ ಖರ್ಚನ್ನು ಮೀರಿತು.

ಕೂಲೆಂಟಿನ ಕೆಲಸವೇನು?

“ನಮ್ಮೂರಲ್ಲಿ ನೀರು ಹೆಪ್ಪುಗಟ್ಟುವ ಚಳಿಯಿಲ್ಲ, ಬಾವಿ ನೀರೇ ಸಾಕು” ಎನ್ನುವವರಿದ್ದಾರೆ. ಹೆಪ್ಪುಗಟ್ಟದಂತೆ ತಡೆಯುವುದು ಕೂಲೆಂಟಿನ ಒಂದು ಕೆಲಸ ಮಾತ್ರ. ಎರಡನೆಯದು, ಕುದಿಯುವ ಮಟ್ಟವನ್ನು ಏರಿಸುವುದು. ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ; ಎಥಿಲೀನ್ ಗ್ಲೈಕಾಲ್ ಮತ್ತು ನೀರನ್ನು ಸಮಪಾಲು ಬೆರೆಸಿದರೆ ಸುಮಾರು 107 ಡಿಗ್ರಿಯವರೆಗೆ ತಡೆಯುತ್ತದೆ. ರೇಡಿಯೇಟರಿನ ಮುಚ್ಚಳ ಒಳಗೆ ಒತ್ತಡ ಹಿಡಿದಿಡುವುದರಿಂದ ಅದು ಇನ್ನೂ ಮೇಲೇರುತ್ತದೆ. ಮೂರನೆಯದೂ ನಮಗೆ ಅತಿ ಮುಖ್ಯವಾದುದೂ ಆದ ಕೆಲಸವೆಂದರೆ ತುಕ್ಕು ತಡೆಯುವುದು. ಇದಕ್ಕಾಗಿ ಗ್ಲೈಕಾಲಿಗೆ ಅಲ್ಪ ಪ್ರಮಾಣದಲ್ಲಿ ಬೇರೆ ರಾಸಾಯನಿಕಗಳನ್ನು ಸೇರಿಸಿರುತ್ತಾರೆ. ಒಂದು ಕೂಲೆಂಟಿಗೂ ಇನ್ನೊಂದಕ್ಕೂ ಇರುವ ಭೇದವೆಲ್ಲ ಮುಖ್ಯವಾಗಿ ಈ ಅಲ್ಪ ಭಾಗದಲ್ಲಿದೆ.

ಮೂರು ಜಾತಿಗಳು

ಹಳೆಯ ಜಾತಿಯದು ಐ.ಎ.ಟಿ. ಇದರಲ್ಲಿ ಸಿಲಿಕೇಟ್, ಫಾಸ್ಫೇಟ್ ಮುಂತಾದ ಲವಣಗಳಿರುತ್ತವೆ. ಇವು ಲೋಹದ ಮೇಲೆಲ್ಲ ತೆಳು ಪದರ ಕಟ್ಟುತ್ತವೆ, ಬೇಗ ಮುಗಿಯುತ್ತವೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಬೀಡು ಕಬ್ಬಿಣದ ಇಂಜಿನು, ಬೆಸುಗೆ ಹಾಕಿದ ಹಿತ್ತಾಳೆ ರೇಡಿಯೇಟರು ಇರುವ ಹಳೆಯ ಜೀಪುಗಳಿಗೆ ಇದೇ ಹೊಂದುತ್ತದೆ.

ಎರಡನೆಯದು ಓ.ಎ.ಟಿ. ಇದರಲ್ಲಿರುವುದು ಸಾವಯವ ಆಮ್ಲಗಳ ಲವಣಗಳು. ತುಕ್ಕು ಶುರುವಾಗುವ ಜಾಗದಲ್ಲಿ ಮಾತ್ರ ಇವು ಕೆಲಸ ಮಾಡುವುದರಿಂದ ಸುಮಾರು ಐದು ವರ್ಷ ಬಾಳುತ್ತವೆ. ಅಲ್ಯೂಮಿನಿಯಂ ಹೆಡ್ಡು, ಅಲ್ಯೂಮಿನಿಯಂ ರೇಡಿಯೇಟರು ಇರುವ ಈಗಿನ ಅನೇಕ ವಾಹನಗಳಿಗೆ ಈ ಜಾತಿ.

ಮೂರನೆಯದು ಎರಡರ ಮಿಶ್ರತಳಿ, ಎಚ್.ಓ.ಎ.ಟಿ. ಇದರಲ್ಲೂ ಎರಡು ಪಂಗಡ. ಯುರೋಪಿನ ನೀರಿನಲ್ಲಿ ಸುಣ್ಣದ ಅಂಶ ಹೆಚ್ಚು. ಫಾಸ್ಫೇಟ್ ಅದರೊಡನೆ ಸೇರಿ ಗಸಿ ಕಟ್ಟುತ್ತದೆಂದು ಅಲ್ಲಿಯ ತಯಾರಕರು ಸಿಲಿಕೇಟನ್ನು ಆರಿಸಿದರು. ಸಿಲಿಕೇಟ್ ನೀರಿನ ಪಂಪಿನ ಸೀಲನ್ನು ಸವೆಸುತ್ತದೆಂದು ಜಪಾನಿನವರು ಫಾಸ್ಫೇಟನ್ನು ಹಿಡಿದರು.

ಬಣ್ಣವನ್ನು ನಂಬಬೇಡಿ

ಹಸಿರು, ಕೆಂಪು, ನೀಲಿ, ಗುಲಾಬಿ ಇವೆಲ್ಲ ತಯಾರಕರು ಬೆರೆಸುವ ಬಣ್ಣಗಳು. ಯಾವ ಜಾತಿಗೆ ಯಾವ ಬಣ್ಣ ಎಂಬ ಕಡ್ಡಾಯ ನಿಯಮ ಇಲ್ಲ. ಹಸಿರು ಬಣ್ಣದ ಎರಡು ಕ್ಯಾನುಗಳಲ್ಲಿ ಒಂದು ಐ.ಎ.ಟಿ., ಇನ್ನೊಂದು ಓ.ಎ.ಟಿ. ಆಗಿರಬಹುದು. ಹಾಗೆಯೇ ಒಂದು ಕೆಂಪು, ಒಂದು ಹಸಿರು ಎರಡೂ ಒಂದೇ ಜಾತಿಯವಾಗಿರಲೂಬಹುದು.

ಬೋರ್ಡೋ ದ್ರಾವಣ ಮಾಡುವ ನಮಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಸಿಂಪಡಣೆಯ ಡ್ರಮ್ಮಿಗೆ ಕಂಡ ಔಷಧಿಗಳನ್ನೆಲ್ಲ ಒಟ್ಟಿಗೆ ಸುರಿದರೆ ಒಮ್ಮೆ ಒಡೆಯುತ್ತದೆ, ಒಮ್ಮೆ ಗಸಿಯಾಗಿ ನಾಜಲ್ ಕಟ್ಟುತ್ತದೆ, ಒಮ್ಮೆ ಏನೂ ಕಾಣದಿದ್ದರೂ ಗುಣ ಹೋಗಿರುತ್ತದೆ. ಕೂಲೆಂಟಿನಲ್ಲೂ ಹಾಗೆಯೇ. ಜಾತಿ ಬೆರೆತಾಗ ಪ್ರತಿ ಸಲವೂ ಲೋಳೆಯಾಗುವುದಿಲ್ಲ; ಆದರೆ ಐದು ವರ್ಷ ಬಾಳಬೇಕಾದ ತುಕ್ಕುತಡೆ ಅದಕ್ಕೂ ಮುಂಚೆಯೇ ಸೋಲುತ್ತದೆ.

ಆರಿಸುವ ಕ್ರಮ

1. ವಾಹನದೊಡನೆ ಬಂದ ಕೈಪಿಡಿಯನ್ನು ತೆರೆದು ಕೂಲೆಂಟಿನ ಜಾತಿ, ಒಟ್ಟು ಲೀಟರು, ಬದಲಿಸುವ ಅವಧಿ ಇವನ್ನು ಬರೆದುಕೊಳ್ಳಿ. ಅಂಗಡಿಗೆ ಆ ಚೀಟಿ ಒಯ್ಯಿರಿ.

2. ಕ್ಯಾನಿನ ಹಿಂಬದಿಯನ್ನು ಓದಿ. ಐ.ಎಸ್. 5759 ಭಾರತೀಯ ಮಾನಕ, ಜೆ.ಐ.ಎಸ್. ಕೆ 2234 ಜಪಾನಿನದು, ಎ.ಎಸ್.ಟಿ.ಎಂ. ಡಿ 3306 ಅಮೆರಿಕದ್ದು. ಆದರೆ ಮಾನಕದ ಸಂಖ್ಯೆಯೊಂದೇ ಸಾಲದು. ಜಾತಿಯೂ ಕೈಪಿಡಿಗೆ ಹೊಂದಬೇಕು. “ಎಲ್ಲ ವಾಹನಗಳಿಗೂ” ಎಂದು ಬರೆದಿದ್ದರೂ ನಿಮ್ಮ ಕೈಪಿಡಿಯ ಮಾತೇ ಕೊನೆಯದು.

3. ಬೆರೆಸಿಯೇ ಬರುವ ಕೂಲೆಂಟೋ, ನೀರು ಸೇರಿಸಬೇಕಾದ ಗಟ್ಟಿ ಕೂಲೆಂಟೋ ನೋಡಿಕೊಳ್ಳಿ. ಬೆರೆಸಿದ್ದಕ್ಕೆ ಮತ್ತೆ ನೀರು ಬೇಡ. ಗಟ್ಟಿಯದನ್ನು ಹಾಗೆಯೇ ಹೊಯ್ದರೆ ಹೆಚ್ಚು ತಂಪಾಗುವುದಿಲ್ಲ; ಶುದ್ಧ ಗ್ಲೈಕಾಲ್ ನೀರಿಗಿಂತ ಕಡಿಮೆ ಶಾಖ ಹೊರುತ್ತದೆ. ಸಾಮಾನ್ಯವಾಗಿ ಸಮಪಾಲು ಸರಿ.

4. ಬೆರೆಸುವ ನೀರು ಬಟ್ಟಿ ಇಳಿಸಿದ್ದೇ ಆಗಿರಲಿ. ಗಂಗೊಳ್ಳಿ, ಕೋಡಿಯಂತಹ ಕಡಲಂಚಿನ ಊರುಗಳಲ್ಲಿ ಬೇಸಿಗೆಗೆ ಬಾವಿ ನೀರು ಉಪ್ಪಾಗುವುದುಂಟು. ಉಪ್ಪಿನ ಕ್ಲೋರೈಡ್ ಅಲ್ಯೂಮಿನಿಯಂ ಅನ್ನು ತೂತು ಮಾಡುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಸಾಕು. ಬ್ಯಾಟರಿ ಆ್ಯಸಿಡ್ ಅಲ್ಲ ಎಂಬುದನ್ನು ನೋಡಿ ಕೊಳ್ಳಿ.

ಒಳಗಿರುವುದು ಯಾವುದೆಂದು ತಿಳಿಯದಿದ್ದರೆ

ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರಿಗೆ ಈ ಕಷ್ಟ. ಆಗ ಊಹಿಸಿ ಮೇಲಿನಿಂದ ಸೇರಿಸಬೇಡಿ, ಇದ್ದುದನ್ನೆಲ್ಲ ತೆಗೆದುಬಿಡಿ. ಇಂಜಿನು ಪೂರ್ತಿ ತಣಿದ ಮೇಲೆ ಕೂಲೆಂಟನ್ನು ಪಾತ್ರೆಗೆ ಇಳಿಸಿ. ಶುದ್ಧ ನೀರು ತುಂಬಿಸಿ, ಥರ್ಮೋಸ್ಟಾಟ್ ತೆರೆಯುವಷ್ಟು ಬಿಸಿಯಾಗುವವರೆಗೆ ಇಂಜಿನು ಓಡಿಸಿ, ತಣಿಸಿ, ಮತ್ತೆ ಇಳಿಸಿ. ನೀರು ತಿಳಿಯಾಗಿ ಬರುವವರೆಗೆ ಹೀಗೆ ಮಾಡಿ. ಕೊನೆಯ ಸಲ ಡಿಸ್ಟಿಲ್ಡ್ ನೀರಿನಲ್ಲಿ ತೊಳೆಯಿರಿ. ತೊಳೆದ ನೀರು ಇಂಜಿನಿನ ಒಳಗೆ ಸ್ವಲ್ಪ ಉಳಿದೇ ಇರುತ್ತದೆ. ಆದುದರಿಂದ ಒಟ್ಟು 8 ಲೀಟರು ಹಿಡಿಯುವ ಗಾಡಿಗೆ ಮೊದಲು 4 ಲೀಟರು ಗಟ್ಟಿ ಕೂಲೆಂಟ್ ಹೊಯ್ದು, ಉಳಿದ ಜಾಗಕ್ಕೆ ಡಿಸ್ಟಿಲ್ಡ್ ನೀರು ತುಂಬಿಸಿದರೆ ಲೆಕ್ಕ ತಪ್ಪುವುದಿಲ್ಲ. ಒಳಗೆ ಗಾಳಿ ಸಿಕ್ಕಿಕೊಳ್ಳದಂತೆ ನಿಧಾನವಾಗಿ ಹೊಯ್ಯಿರಿ. ಮರುದಿನ ಮಟ್ಟ ನೋಡಿ. ಹಾಕಿದ ಜಾತಿ, ದಿನಾಂಕ, ಕಿಲೋಮೀಟರು ಬರೆದ ಚೀಟಿಯೊಂದನ್ನು ಬಾನೆಟ್ಟಿನ ಒಳಬದಿಗೆ ಅಂಟಿಸಿ.

ಘಾಟಿಯಲ್ಲಿ ಬಿಸಿಯೇರಿದರೆ

ಮುಳ್ಳು ಕೆಂಪಿಗೆ ಹೋದ ಕೂಡಲೇ ನಿಲ್ಲಿಸಿ. ನನ್ನಂತೆ ಇನ್ನೊಂದು ತಿರುವಿಗೆ ಕಾಯಬೇಡಿ. ಮುಚ್ಚಳವನ್ನು ಬಿಸಿಯಿದ್ದಾಗ ಮುಟ್ಟಬಾರದು. ಒತ್ತಡದಲ್ಲಿರುವ ಕುದಿನೀರು ಮುಖಕ್ಕೇ ಹಾರುತ್ತದೆ. ಅರ್ಧ ಗಂಟೆಗೂ ಹೆಚ್ಚು ಕಾಯಿರಿ. ಕೂಲೆಂಟ್ ಇಲ್ಲದಿದ್ದರೆ ಮನೆ ಸೇರುವಷ್ಟಕ್ಕೆ ಶುದ್ಧ ನೀರು ಹಾಕುವುದು ತಪ್ಪಲ್ಲ. ಗೊತ್ತಿಲ್ಲದ ಕೂಲೆಂಟಿಗಿಂತ ಅದೇ ವಾಸಿ. ಊರಿಗೆ ಬಂದ ಮೇಲೆ ಸೋರಿಕೆ ಎಲ್ಲಿ ಎಂದು ನೋಡಿಸಿ ಕೂಲೆಂಟ್ ಬದಲಿಸಿ. ಬಿಸಿಯಾಗುತ್ತದೆಂದು ಥರ್ಮೋಸ್ಟಾಟನ್ನೇ ತೆಗೆದು ಬಿಡುವ ಉಪಾಯಕ್ಕೆ ಒಪ್ಪಬೇಡಿ. ಇಂಜಿನು ತಕ್ಕ ಬಿಸಿಗೆ ಬರದೆ ಡೀಸೆಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ.

ಕೊನೆಯದಾಗಿ ಒಂದು ಎಚ್ಚರಿಕೆ. ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಆದರೆ ವಿಷ, ಮೂತ್ರಪಿಂಡವನ್ನು ಕೆಡಿಸುತ್ತದೆ. ಅಂಗಳದಲ್ಲಿ ತೆರೆದಿಟ್ಟ ಪಾತ್ರೆಗೆ ನಾಯಿ, ಕರು ಬಾಯಿ ಹಾಕೀತು. ತಂಪು ಪಾನೀಯದ ಬಾಟಲಿಯಲ್ಲಿ ತುಂಬಿಸಿಟ್ಟರೆ ಮಗು ಕುಡಿದೀತು. ಯಾರಾದರೂ ಕುಡಿದರೆಂದು ತಿಳಿದ ಕೂಡಲೇ, ಲಕ್ಷಣಕ್ಕೆ ಕಾಯದೆ, ಕ್ಯಾನಿನ ಸಮೇತ ಆಸ್ಪತ್ರೆಗೆ ಒಯ್ಯಿರಿ. ಹಳೆಯ ಕೂಲೆಂಟನ್ನು ತೋಟದ ಕಪ್ಪಿಗೆ, ತೋಡಿಗೆ ಚೆಲ್ಲದೆ ಮುಚ್ಚಿದ ಕ್ಯಾನಿನಲ್ಲಿ ಗ್ಯಾರೇಜಿಗೆ ತಲುಪಿಸಿ. ನಮ್ಮ ತೋಡಿನ ನೀರು ಕೆಳಗಿನ ಮನೆಯವರ ಬಾವಿಗೆ ಇಳಿಯುವ ನೀರೇ ತಾನೆ?