ಮನೆಯ ಗಣಕಯಂತ್ರಕ್ಕೆ ವಿಂಡೋಸ್ ಅಥವಾ ಲಿನಕ್ಸ್?

ನಿಜಲಿಂಗಪ್ಪ ಬಡಾವಣೆಯಂತಹ ಕಡೆ ವರ್ತಕರ ಮನೆಗಳಲ್ಲಿ ಮಕ್ಕಳ ಪಾಠವೂ ಅಂಗಡಿಯ ಲೆಕ್ಕವೂ ಒಂದೇ ಗಣಕಯಂತ್ರದಲ್ಲಿ ನಡೆಯುವುದುಂಟು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಅವಶ್ಯವಾದುದರಿಂದ ಹಳೆಯ ಯಂತ್ರಗಳಲ್ಲಿ ಅನೇಕವು ಅದಕ್ಕೆ ಅರ್ಹವಲ್ಲ.

ಪರವಾನಗಿಯಿಲ್ಲದ ಪ್ರತಿಯನ್ನು ಹಾಕಿಸುವುದು ಉಳಿತಾಯವಲ್ಲ. 1957ರ ಕೃತಿಸ್ವಾಮ್ಯ ಅಧಿನಿಯಮದ 63ಬಿ ಕಲಮಿನನ್ವಯ, ತಿಳಿದೂ ಅಂತಹ ಪ್ರತಿಯನ್ನು ಬಳಸಿದವರಿಗೆ 7 ದಿನಗಳಿಂದ 3 ವರ್ಷಗಳವರೆಗೆ ಕಾರಾಗೃಹವಾಸ ಹಾಗೂ ರೂ. 50,000ದಿಂದ ರೂ. 2 ಲಕ್ಷದವರೆಗೆ ದಂಡವುಂಟು. ಲಾಭಕ್ಕಾಗಿ ಅಥವಾ ವ್ಯಾಪಾರದಲ್ಲಿ ಬಳಸದಿದ್ದಲ್ಲಿ ನ್ಯಾಯಾಲಯವು ಕಾರಾಗೃಹವಾಸವನ್ನು ಕೈಬಿಡಬಹುದು. ಅಂಗಡಿಯ ಲೆಕ್ಕ ಅದೇ ಯಂತ್ರದಲ್ಲಿದ್ದರೆ ಈ ರಿಯಾಯಿತಿಯನ್ನು ಕೋರುವುದು ಕಷ್ಟ.

ಉಬುಂಟು, ಲಿನಕ್ಸ್ ಮಿಂಟ್ ಮುಂತಾದವುಗಳಿಗೆ ಪರವಾನಗಿ ಶುಲ್ಕವಿಲ್ಲ. ಪತ್ರವ್ಯವಹಾರ, ಅಂತರ್ಜಾಲ, ಯೂನಿಕೋಡ್ ಕನ್ನಡಕ್ಕೆ ಅವು ಸಾಕು. ಆದರೆ ಟ್ಯಾಲಿ ತಂತ್ರಾಂಶವು ವಿಂಡೋಸ್‌ಗಾಗಿ ರಚಿತವಾದುದು. ಡಿಜಿಟಲ್ ಸಹಿಯ ಟೋಕನ್ ಲಿನಕ್ಸ್‌ನಲ್ಲಿ ನಡೆಯುವುದೇ ಎಂಬುದನ್ನೂ ಮೊದಲೇ ಪರೀಕ್ಷಿಸಬೇಕು.

ಆದ್ದರಿಂದ ಲೆಕ್ಕದ ಯಂತ್ರಕ್ಕೆ ಪರವಾನಗಿಯುಳ್ಳ ವಿಂಡೋಸ್, ಮಕ್ಕಳ ಹಳೆಯ ಯಂತ್ರಕ್ಕೆ ಲಿನಕ್ಸ್ ಎಂಬ ವಿಂಗಡಣೆ ಸೂಕ್ತ. ಬದಲಾವಣೆಗೆ ಮುನ್ನ ಎಲ್ಲ ಕಡತಗಳ ಪ್ರತಿಯನ್ನು ಬೇರೆಡೆ ತೆಗೆದಿಡತಕ್ಕದ್ದು.